ಗಿಣಿಗೇರಾದಲ್ಲಿ ಇಳಿಯುವವಳು

ಭಾಗ್ಯನಗರ, ಕೊಪ್ಪಳ
3 ಜೂನ್ 2024

ಅಮೃತಾ,

ಕ್ಷೇಮ, ಆರೋಗ್ಯ ಎಂದೆಲ್ಲ ಬರೆಯುವುದಿಲ್ಲ. ನಾನು ಫೋನ್ ಯಾಕೆ ಎತ್ತುತ್ತಿಲ್ಲ ಎಂದು ಅವ್ವನ ಹತ್ತಿರ ಕೇಳಿದೆಯಂತೆ. ನಿನ್ನ ದನಿ ಕೇಳಿದರೆ ನನಗೆ ಸಿಟ್ಟು ಬರುತ್ತದೆ, ಸಿಟ್ಟು ಬಂದರೆ ಎದೆ ಹಿಡಿಯುತ್ತದೆ. ಅದಕ್ಕೇ ಎತ್ತುತ್ತಿಲ್ಲ. ಈ ಪತ್ರವೂ ನನ್ನ ಬುದ್ಧಿಯಲ್ಲ, ನಾನು ತೋರಿಸಿಕೊಳ್ಳುವ ಮನೋರೋಗದ ಡಾಕ್ಟರ್ ನಜೀಬರದು. "ತಂಗಿ ಮ್ಯಾಲಿನ ಸಿಟ್ಟು ಹೊಟ್ಯಾಗ ಇಟ್ಕೋಬ್ಯಾಡ್ರಿ. ಬರೀರಿ, ಬೇಕಾದ್ರ ಆಮ್ಯಾಲ ಹರದು ಒಗೀರಿ" ಎಂದರು. ನಾನು ಹರಿಯುವವಳಲ್ಲ, ಅಂಚೆಗೆ ಹಾಕುವವಳು.

ಅಪ್ಪನ ನೌಕರಿ ನನಗೆ ಮಂಜೂರಾಗಿದೆ. ನವಲಿಯ ಸರ್ಕಾರಿ ಪ್ರೌಢಶಾಲೆಯಲ್ಲಿ ಗುಮಾಸ್ತೆ. ಕೆಲಸದಲ್ಲಿದ್ದಾಗಲೇ ಸತ್ತವರ ಮಕ್ಕಳಲ್ಲಿ ಒಬ್ಬರಿಗೆ ಕೊಡುವ ನೌಕರಿ, ನೀನು "ನನ್ನ ತಕರಾರಿಲ್ಲ" ಎಂದು ಸಹಿ ಹಾಕಿ ಕಳಿಸಿದ್ದೆಯಲ್ಲ, ಅದರಿಂದಲೇ ಬಂದದ್ದು. ಓಣಿಯಲ್ಲಿ ಎಲ್ಲರೂ ನಿನ್ನನ್ನೇ ಹೊಗಳುತ್ತಾರೆ. "ಸಣ್ಣಾಕಿ ಮನಸು ನೋಡ್ರಿ, ಅಕ್ಕಗ ಬಿಟ್ಟುಕೊಟ್ಲು!" ನೌಕರಿ ನನ್ನದು, ಹೆಸರು ನಿನ್ನದು. ಹುಟ್ಟಿದಾಗಿನಿಂದ ಇದೇ ಆಯಿತಲ್ಲ.

ಜುಲೈ ಹತ್ತೊಂಬತ್ತರ ಒಳಗೆ ಹಾಜರಾಗಬೇಕು. ಆಗದಿದ್ದರೆ ಆದೇಶ ರದ್ದು, ಎರಡನೇ ಸಲ ಕೇಳುವ ಹಾಗಿಲ್ಲ. ಇಲ್ಲಿಂದ ಗಂಗಾವತಿ, ಅಲ್ಲಿ ಬಸ್ಸು ಬದಲಿಸಿ ನವಲಿ. ಮೂರು ಸಲ ಹತ್ತಿದೆ, ಮೂರು ಸಲವೂ ಗಿಣಿಗೇರಾದಲ್ಲಿ ಇಳಿದೆ. ಹೋದ ನವೆಂಬರಿನಲ್ಲಿ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೊರಟಾಗ ಅಪ್ಪ ನನ್ನ ಪಕ್ಕದ ಸೀಟಿನಲ್ಲಿ ಒಂದು ಮಾತೂ ಆಡದೆ ಜೀವ ಬಿಟ್ಟದ್ದು ಅಲ್ಲಿಯೇ. ಬಸ್ಸು ಅಲ್ಲಿಗೆ ಬಂದ ಕೂಡಲೇ ನನ್ನ ಎದೆಯೂ ಹಾಗೇ ಒತ್ತುತ್ತದೆ, ಕೈ ಮರಗಟ್ಟುತ್ತದೆ, ಸತ್ತೆ ಅನಿಸುತ್ತದೆ. ಇಸಿಜಿ ಎರಡು ಸಲ ತೆಗೆದರು, ಗುಂಡಿಗೆ ಗಟ್ಟಿಯಾಗಿದೆ. ಗುಂಡಿಗೆಗೆ ಏನಾಗಿದೆ, ತಲೆ ಕೆಟ್ಟಿದೆ ಅಷ್ಟೇ.

ನೀನು ಇಲಿಗಳನ್ನಿಟ್ಟುಕೊಂಡು ಹೆದರಿಕೆಯ ಮೇಲೇ ಏನೋ ಓದುತ್ತೀಯಂತೆ. ಇಲಿಗಳಿಗೆ ಹೇಳುವುದನ್ನು ನನಗೂ ಒಂದಿಷ್ಟು ಹೇಳು.

ದಾನೇಶ್ವರಿ


ಹೈದರಾಬಾದ್
10 ಜೂನ್ 2024

ಪ್ರೀತಿಯ ದಾನಕ್ಕ,

ಬೈದಾದರೂ ಬರೆದೆಯಲ್ಲ, ಖುಷಿಯಾಯಿತು. ಪತ್ರ ಮೂರು ಸಲ ಓದಿದೆ.

ನಿನ್ನ ತಲೆ ಕೆಟ್ಟಿಲ್ಲ. ನಮ್ಮ ಪ್ರಯೋಗಾಲಯದಲ್ಲಿ ನೋಡುತ್ತಿರುವುದೇ ಇದನ್ನು. ಗಾಂಜಾದ ಸತ್ವ ಮೆದುಳಿನ ಯಾವ ಬೀಗಕ್ಕೆ ಹೊಂದುತ್ತದೆ ಎಂದು ಹುಡುಕಿದವರಿಗೆ ಆ ಬೀಗ ಸಿಕ್ಕಿತು. ಎಲ್ಲೋ ಬೆಳೆಯುವ ಗಿಡಕ್ಕಾಗಿ ನಮ್ಮ ತಲೆಯಲ್ಲಿ ಬೀಗ ಇರಲಾರದು, ಮೆದುಳೇ ತನಗೊಂದು ಕೀಲಿ ಮಾಡಿಕೊಳ್ಳುತ್ತಿರಬೇಕು ಎಂದು ಮತ್ತೆ ಹುಡುಕಿದರು. ಅದೂ ಸಿಕ್ಕಿತು. ನಮ್ಮ 'ಆನಂದ' ಎಂಬ ಪದವನ್ನೇ ತೆಗೆದುಕೊಂಡು ಅದಕ್ಕೆ ಆನಂದಮೈಡ್ ಎಂದು ಹೆಸರಿಟ್ಟಿದ್ದಾರೆ. ಅಂದರೆ ನಮ್ಮೆಲ್ಲರ ತಲೆಯಲ್ಲೂ ಒಂದು ಚಿಟಿಕೆ ಸ್ವಂತ ಭಂಗಿ, ಅದೇ ಗಾಂಜಾ, ಇದೆ ಅನ್ನು! ಹೆದರಿಕೆ ಏರಿದಾಗ ಮೆದುಳು ಅದನ್ನು ಆ ಕ್ಷಣಕ್ಕೆ, ಆ ಜಾಗದಲ್ಲಿ ಬೇಕಾದಷ್ಟೇ ತಯಾರಿಸುತ್ತದೆ. ಕೆಲಸ ಮುಗಿದ ಮೇಲೆ ಕರಗಿಸಿಬಿಡುತ್ತದೆ. ಬಹಳ ದಿನ ಚಿಂತೆಯಲ್ಲಿ ಬೆಂದವರಲ್ಲಿ ಅದು ಬೇಗ ಕರಗಿ ಕಡಿಮೆ ಬೀಳುತ್ತದೆ ಎಂದು ಕಾಣುತ್ತದೆ.

ಇಲಿಗೆ ಒಂದು ಸದ್ದು ಕೇಳಿಸಿ ಕಾಲಿಗೆ ಸಣ್ಣಗೆ ಕರೆಂಟ್ ಕೊಡುತ್ತೇವೆ. ಆಮೇಲೆ ಕರೆಂಟ್ ಇಲ್ಲ, ಬರೀ ಸದ್ದು. ಮೊದಮೊದಲು ಸದ್ದಿಗೇ ಕಲ್ಲಾಗಿ ನಿಲ್ಲುತ್ತದೆ. ಮತ್ತೆ ಮತ್ತೆ ಕೇಳಿ ಏನೂ ಆಗದಿದ್ದಾಗ "ಇದರಿಂದ ಜೀವ ಹೋಗುವುದಿಲ್ಲ" ಎಂದು ಕಲಿಯುತ್ತದೆ. ಹಾಗೆ ಕಲಿಯುವುದಕ್ಕೆ ಆ ವಸ್ತು ಬೇಕು. ನೀನು ಗಿಣಿಗೇರಾದಲ್ಲಿ ಇಳಿದಾಗಲೆಲ್ಲ ಮೆದುಳು "ಇಳಿದದ್ದಕ್ಕೆ ಉಳಿದೆ" ಎಂದು ತಪ್ಪು ಪಾಠ ಕಲಿಯುತ್ತಿದೆ. ಒಂದೇ ಒಂದು ಸಲ ಇಳಿಯದೆ ಕೂತು ನೋಡಕ್ಕ.

ಕೆಲವರಲ್ಲಿ ಹುಟ್ಟಿನಿಂದಲೇ ಈ ವಸ್ತು ನಿಧಾನವಾಗಿ ಕರಗುತ್ತದೆ. ಅಂಥವರಿಗೆ ಹೆದರಿಕೆ ಬೇಗ ಮರೆತುಹೋಗುತ್ತದೆ ಎನ್ನುತ್ತಾರೆ. ಇಲ್ಲಿಯವರು ನನ್ನನ್ನು ತೋರಿಸಿ "ಇವಳು ಆ ಜಾತಿಯವಳೇ" ಎಂದು ನಗುತ್ತಾರೆ. ನಿನಗೂ ಗೊತ್ತಲ್ಲ, ನನಗೆ ಮೊದಲಿನಿಂದಲೂ ಭಯ ಅಂದರೆ ಗೊತ್ತಿಲ್ಲ.

ಅವ್ವನಿಗೂ ಇದನ್ನು ಓದಿ ಹೇಳು.

ನಿನ್ನ ಅಮೃತಾ


ಭಾಗ್ಯನಗರ
18 ಜೂನ್ 2024

ಅಮೃತಾ,

ಓದಿ ಹೇಳಿದೆ. ಹೊಟ್ಟೆ ಉರಿಯಿತು, ಮುಚ್ಚಿಡುವುದೇಕೆ. ಚಂದ ನಿನಗೆ, ಓದು ನಿನಗೆ, ಅಪ್ಪನ ಹೆಗಲು ನಿನಗೆ. ನಾನು ಕೊಟ್ರೇಶನನ್ನು ಮದುವೆಯಾಗಿ ಈ ಕೂದಲು ಬಿಡಿಸುವ ಕಾರ್ಖಾನೆಗೆ ಬಂದೆ. ದಿನವಿಡೀ ಯಾರದೋ ತಲೆಯ ಗಂಟುಗಳನ್ನು ಬಿಡಿಸುತ್ತೇನೆ, ಉದ್ದ ನೋಡಿ ಕಟ್ಟುತ್ತೇನೆ. ಈಗ ನೋಡಿದರೆ ತಲೆಯ ಒಳಗಿನದೂ ನಿನಗೇ ಹೆಚ್ಚು ಬಂದಿದೆಯಂತೆ! ದೇವರು ಹಂಚುವಾಗ ನಾನೇನು ನೀರಿಗೆ ಹೋಗಿದ್ದೆನೇ?

ನಮ್ಮ ಅವ್ವ ಮುದುಕಮ್ಮನ ವಿಜ್ಞಾನ ಕೇಳು. "ರಗತ ಕಡಿಮಿ ಆದ್ರ ರಗತದ ಗುಳಿಗಿ ಕೊಡ್ತಾರ. ಸುಣ್ಣ ಕಡಿಮಿ ಆದ್ರ ಸುಣ್ಣದ ಗುಳಿಗಿ. ತಲ್ಯಾಗ ಭಂಗಿ ಕಡಿಮಿ ಆಗೇತಂತ ನಿನ್ನ ತಂಗೀನ ಬರದಾಳ. ಇಷ್ಟು ತಿಳೀಲಿಲ್ಲೇನ ನಿಮ್ಮ ಡಾಕ್ಟರಗ?" ಎಂದಳು. ನಗು ಬಂತು, ಆದರೆ ಮಾತಿನಲ್ಲಿ ತಪ್ಪೇನಿದೆ ಅಂತಲೂ ಅನಿಸಿತು. ಅವ್ವ ಅಮಾವಾಸ್ಯೆಗೆ ಒಂದು ಉಪಾಯ ಮಾಡಿದ್ದಾಳೆ. ಏನೆಂದು ನಿನಗೆ ಹೇಳುವುದಿಲ್ಲ. ನಿನಗೆ ಬೇಕಾಗಿಲ್ಲ ಬಿಡು, ನಿನ್ನದು ಹುಟ್ಟುತ್ತಲೇ ಕೊಡ ತುಂಬಿದೆ.

ನಾಲ್ಕನೇ ಸಲವೂ ಹತ್ತಿದೆ. ಗಿಣಿಗೇರಾದಲ್ಲಿ ಇಳಿದೆ. ಕಂಡಕ್ಟರ್ ಯಮನೂರ ಎಂಬವನು ಈಗ ನನ್ನ ಗುರುತು ಹಿಡಿಯುತ್ತಾನೆ. "ಅಕ್ಕಾರ, ನವಲಿಗಂತ ಹೇಳ್ತೀರಿ, ಗಿಣಿಗೇರಾಕ್ಕ ಇಳೀತೀರಿ. ಫ್ರೀ ಟಿಕೀಟ್ ಐತಂತ ಹಿಂಗ ಮಾಡಬ್ಯಾಡ್ರಿ" ಎಂದ. ಬಸ್ಸಿಗೆ ಬಸ್ಸೇ ನಕ್ಕಿತು. ಡಾಕ್ಟರ್ ಕೊಟ್ಟ ಗುಳಿಗೆಯನ್ನು ನಾನು ತೆಗೆದುಕೊಳ್ಳುತ್ತಿಲ್ಲ. ತಂಗಿಗೆ ಬೇಕಾಗದೇ ಇದ್ದದ್ದು ನನಗೇಕೆ?

ದಾನೇಶ್ವರಿ


ಹೈದರಾಬಾದ್
25 ಜೂನ್ 2024

ದಾನಕ್ಕ,

ಕೆಲಸ ಬಹಳ ಇದೆ, ಎರಡೇ ಸಾಲು. ಅಮಾವಾಸ್ಯೆಯ ಉಪಾಯವೆಂದರೆ ಹುಲಿಗೆಮ್ಮನಿಗೆ ಹರಕೆ ತಾನೇ? ಖಂಡಿತ ಮಾಡಿ, ಮನಸ್ಸಿಗೆ ಒಳ್ಳೆಯದು. ಅವ್ವನ ಮಾತು ಓದಿ ಬಿದ್ದು ಬಿದ್ದು ನಕ್ಕೆ, ಇಲ್ಲಿ ಎಲ್ಲರಿಗೂ ಹೇಳಿದೆ. ಗುಳಿಗೆ ಮಾತ್ರ ಬಿಡಬೇಡ, ನಿನ್ನಾಣೆ.

ಅಮೃತಾ


ಭಾಗ್ಯನಗರ
8 ಜುಲೈ 2024

ಅಮೃತಾ,

ನಕ್ಕೆಯಾ? ಎಲ್ಲರಿಗೂ ಹೇಳಿದೆಯಾ? ಈಗ ಇದನ್ನೂ ಹೇಳು, ಇನ್ನಷ್ಟು ನಗಲಿ.

ಮಣ್ಣೆತ್ತಿನ ಅಮಾವಾಸ್ಯೆಯ ದಿನ ಅವ್ವ ನನ್ನನ್ನು ಯಲಬುರ್ಗಾ ಕಡೆಯ ಒಂದು ಗುಡ್ಡದ ಮಠಕ್ಕೆ ಕರೆದುಕೊಂಡು ಹೋದಳು. ಬಸ್ಸು ಬೇಡವೆಂದು ನಮ್ಮವರು ಆಟೋದಲ್ಲಿ ಬಿಟ್ಟು ಬಂದರು. ಅಲ್ಲಿ ಅಮಾವಾಸ್ಯೆಗೊಮ್ಮೆ ಮಠದ ಅಜ್ಜ ಭಂಗಿ ಸೊಪ್ಪು ಕುಟ್ಟಿ, ಬೆಲ್ಲ, ಮೆಣಸು ಕಲಸಿ ಪ್ರಸಾದವೆಂದು ಕೊಡುತ್ತಾನೆ. ಹಳೆಯ ಪದ್ಧತಿ. ಅಜ್ಜ ಅಡಿಕೆಯಷ್ಟು ಕೊಟ್ಟ. ಅವ್ವ "ಜಡ್ಡು ದೊಡ್ಡದೈತ್ರಿ ಅಜ್ಜಾರ, ನಿಂಬಿಹಣ್ಣಿನಷ್ಟು ಕೊಡ್ರಿ" ಎಂದಳು. ಅಜ್ಜ "ಬ್ಯಾಡಬೇ ತಂಗಿ" ಎಂದ. ನಾನೇ ಕೈ ಒಡ್ಡಿ, ಅವ್ವ ಕೇಳಿದಷ್ಟನ್ನೂ ತಿಂದೆ. ನಿಜ ಹೇಳುತ್ತೇನೆ, ಒಡ್ಡಿದ್ದು ಭಕ್ತಿಯಿಂದಲ್ಲ, ನಿನ್ನ ಮೇಲಿನ ಹೊಟ್ಟೆಕಿಚ್ಚಿನಿಂದ. ಅವಳಿಗೆ ಸುಮ್ಮನೆ ಸಿಕ್ಕದ್ದು ನನಗೆ ಬೇಡಿಯಾದರೂ ಸಿಗಲಿ, ಅವಳಿಗಿಂತ ಎರಡು ತೂಕ ಹೆಚ್ಚೇ ಸಿಗಲಿ ಎಂದುಕೊಂಡೆ.

ಮನೆಗೆ ಬಂದು ಒಂದು ತಾಸಿಗೆ ಶುರುವಾಯಿತು. ಹೊತ್ತು ನಿಂತುಬಿಟ್ಟಿತು. ಒಂದು ಉಸಿರಿಗೂ ಇನ್ನೊಂದಕ್ಕೂ ನಡುವೆ ದಿನಗಳು ಹೋದಂತೆ ಅನಿಸಿತು. ಕಾರ್ಖಾನೆಯ ಕೂದಲೆಲ್ಲ ಗಂಟಲಲ್ಲಿ ತುಂಬಿದೆ ಎಂದು ಬೆರಳು ಹಾಕಿ ಕೀಳಲು ಹೋದೆನಂತೆ. ಗಿಣಿಗೇರಾದ್ದು ಹತ್ತು ನಿಮಿಷದ ಸಾವು. ಇದು ಇಡೀ ಮಧ್ಯಾಹ್ನದ ಸಾವು. ನನ್ನ ಮಗಳು ಸಹನಾ ಬಾಗಿಲಲ್ಲಿ ನಿಂತು ನೋಡಿದಳು. ಏಳು ವರ್ಷದ ಕೂಸು, ಈಗ ನನ್ನ ಹತ್ತಿರ ಬರಲು ಹೆದರುತ್ತದೆ.

ಆಸ್ಪತ್ರೆಯಲ್ಲಿ ನಜೀಬ ಡಾಕ್ಟರ್ ಅವ್ವನನ್ನು ಒಂದೇ ಮಾತು ಕೇಳಿದರು. "ಹೊಲಕ್ಕ ನೀರ ಬೇಕು ಅಂತ ಯಾರರ ಕಾಲುವಿ ಒಡೀತಾರೇನಬೇ?" ಅವ್ವ ತಲೆ ಚಚ್ಚಿಕೊಂಡು ಅತ್ತಳು. "ನಿನ್ನ ತಂಗಿ ಬರದಿದ್ಲಲ್ಲ" ಎಂದು ಅತ್ತಳು. ಆಗಲೂ ನಿನ್ನ ಮಾತೇ ಅವಳಿಗೆ ವೇದ.

ಹನ್ನೊಂದು ದಿನ ಉಳಿದಿವೆ. ನಾನು ಹೋಗುವುದಿಲ್ಲ. ನೀನು ಬಿಟ್ಟುಕೊಟ್ಟ ನೌಕರಿ ನನಗೆ ದಕ್ಕಲಿಲ್ಲ ಅಂತ ಓಣಿಗೆ ನಾನೇ ಹೇಳುತ್ತೇನೆ, ನೀನು ತೊಂದರೆ ತೆಗೆದುಕೊಳ್ಳಬೇಡ. ಒಂದು ಮಾತು ಮಾತ್ರ ಕೇಳುತ್ತೇನೆ. ಅಪ್ಪ ಸತ್ತ ದಿನ ಕೊಟ್ರೇಶ ಫೋನಿನಲ್ಲಿ "ನೀ ಬರೂಮಟ ಇಡೋಣೇನು" ಎಂದು ಕೇಳಿದಾಗ, "ಪ್ರಯೋಗ ಬಿಟ್ಟು ಬರಾಕ ಆಗಂಗಿಲ್ಲ, ನೀವು ಮಣ್ಣು ಕೊಡ್ರಿ" ಎಂದೆಯಲ್ಲ. ಅಷ್ಟು ಗಟ್ಟಿ ಮನಸ್ಸು ಯಾವ ಅಂಗಡಿಯಲ್ಲಿ ಸಿಗುತ್ತದೆ ಹೇಳು. ಅದನ್ನಾದರೂ ತರಿಸಿಕೊಳ್ಳುತ್ತೇನೆ.

ದಾನೇಶ್ವರಿ


ಹೈದರಾಬಾದ್
13 ಜುಲೈ 2024

ದಾನಕ್ಕ,

ಇದನ್ನು ಐದು ಸಲ ಬರೆದು ಹರಿದಿದ್ದೇನೆ.

ತಪ್ಪು ನನ್ನದು. ಗಿಡದ ಭಂಗಿ ಬೇರೆ, ಮೆದುಳಿನದು ಬೇರೆ ಎಂದು ಬಿಡಿಸಿ ಹೇಳಬೇಕಿತ್ತು. ಮೆದುಳು ಒಂದು ಮೂಲೆಗೆ ಒಂದು ಹನಿ ಬಿಡುತ್ತದೆ. ಗಿಡದ್ದು ಎಲ್ಲ ಬೀಗಗಳ ಮೇಲೂ ಒಟ್ಟಿಗೇ ಬೀಳುತ್ತದೆ. ಸ್ವಲ್ಪವಾದರೆ ಕೆಲವರಿಗೆ ಹಗುರ ಅನಿಸೀತು, ಹೆಚ್ಚಾದರೆ ಅದೇ ಹೆದರಿಸುತ್ತದೆ. ಇದು ನಮ್ಮಲ್ಲಿ ಮೊದಲ ವರ್ಷ ಕಲಿಸುವ ಪಾಠ. ಚಂದ ಕಾಣಲೆಂದು "ಸ್ವಂತ ಭಂಗಿ" ಎಂದು ಬರೆದೆ. ಒಮ್ಮೆ ತೂಕ ಇಳಿಸಲೆಂದು ಆ ಬೀಗವನ್ನೇ ಮುಚ್ಚುವ ಗುಳಿಗೆ ತಂದಿದ್ದರು. ತಿಂದವರಲ್ಲಿ ಎಷ್ಟೋ ಮಂದಿ ಕಂಗಾಲಾದರು, ಸಾಯುವ ಯೋಚನೆ ಮಾಡಿದರು, ಅದನ್ನು ಅಂಗಡಿಯಿಂದ ತೆಗೆಯಬೇಕಾಯಿತು. ಮೆದುಳಿನದನ್ನು ಕರಗದಂತೆ ತಡೆಯುವ ಮದ್ದನ್ನು ಮನುಷ್ಯರ ಮೇಲೆ ನೋಡುತ್ತಿದ್ದಾರೆ. ಆಸೆ ಹುಟ್ಟಿಸಿದೆ, ಆದರೆ ಗುಣ ಇಷ್ಟೇ ಎಂದು ಗಟ್ಟಿಯಾಗಿ ಹೇಳುವ ಹಾಗಿಲ್ಲ. ಈಗ ಕೈಗೆ ಸಿಗುವುದು ನಜೀಬ ಡಾಕ್ಟರ್ ಕೊಟ್ಟ ಗುಳಿಗೆ, ಮತ್ತೆ ಬಸ್ಸಿನ ಸೀಟು.

ಅಂಥದೇ ಗುಳಿಗೆಯನ್ನು ನಾನು ನಾಲ್ಕು ವರ್ಷದಿಂದ ತಿನ್ನುತ್ತಿದ್ದೇನೆ.

ಲ್ಯಾಬಿನಲ್ಲಿ ಯಾರೂ ನನ್ನನ್ನು ಧೈರ್ಯದವಳು ಎಂದು ನಗುವುದಿಲ್ಲ. ಅದು ಕಟ್ಟಿದ ಕಥೆ. ಲಿಫ್ಟ್ ಹತ್ತಲಾರೆ, ಐದು ಮಹಡಿ ನಡೆದು ಹೋಗುತ್ತೇನೆ. ಊರಿಗೆ ಬರುವಾಗಲೆಲ್ಲ ರೂಮಿನ ಗೆಳತಿ ಮುಜೀಬಾ ರಾಯಚೂರಿನ ತನಕ ಜೊತೆ ಬಂದು ವಾಪಸು ಹೋಗುತ್ತಾಳೆ. ಅಪ್ಪ ನನ್ನನ್ನು "ಗಂಡೆದಿಯಾಕಿ" ಎಂದು ಊರ ತುಂಬ ಹೇಳಿಬಿಟ್ಟಿದ್ದ. ಅದನ್ನು ಸುಳ್ಳು ಮಾಡಲು ನನಗೆ ಬಾಯಿ ಬರಲಿಲ್ಲ.

ಅಪ್ಪ ಸತ್ತ ದಿನ ಯಾವ ಪ್ರಯೋಗವೂ ಇರಲಿಲ್ಲ. ಫೋನ್ ಬಂದ ಅರ್ಧ ತಾಸಿಗೆ ಬಸ್ ಸ್ಟ್ಯಾಂಡಿನಲ್ಲಿದ್ದೆ. ಮುಜೀಬಾ ಊರಲ್ಲಿರಲಿಲ್ಲ. ಗಂಗಾವತಿಯ ಬಸ್ಸು ಹತ್ತಿದೆ, ಬಾಗಿಲು ಮುಚ್ಚಿತು, ಚೀರಿ ಇಳಿದೆ. ಮುಂದಿನ ಬಸ್ಸು ಹತ್ತಿದೆ, ಮತ್ತೆ ಇಳಿದೆ. ಕೊಟ್ರೇಶ ಮಾಮಾ ಎರಡನೇ ಸಲ ಫೋನ್ ಮಾಡಿದಾಗ ನಾನು ಪ್ಲಾಟ್‌ಫಾರ್ಮಿನ ಕಟ್ಟೆಯ ಮೇಲೆ ತಲೆ ಹಿಡಿದು ಕೂತಿದ್ದೆ. "ಹೆದರಿಕೆ ಆಗೇತಿ, ಯಾರರ ಬಂದು ಕರಕೊಂಡು ಹೋಗ್ರಿ" ಎಂದು ಹೇಳುವುದಕ್ಕಿಂತ "ಪ್ರಯೋಗ ಐತಿ" ಎನ್ನುವುದು ಸುಲಭವಾಯಿತು. ಮೂರನೇ ದಿನ ಬಂದಾಗ ನೀನು ನನ್ನ ಮುಖ ನೋಡಲಿಲ್ಲ. ಸರಿಯೇ ಮಾಡಿದೆ.

ನಿನಗೆ ನನ್ನ ಮೇಲೆ ಹೊಟ್ಟೆಕಿಚ್ಚು ಎಂದು ಬರೆದೆ. ನನ್ನದನ್ನೂ ಕೇಳು. ಅಪ್ಪ ಹೋಗುವಾಗ ನೀನಿದ್ದೆ. ನಿನ್ನ ಮೈಗೆ ಒರಗಿ ಹೋದ. ಏನೂ ಮಾತಾಡಲಿಲ್ಲ ಎಂದು ನೀನು ಹೇಳಿದೆ, ಮಾತು ಬೇಡ, ಆ ಮೌನವಾದರೂ ನಿನಗೆ ಸಿಕ್ಕಿತು. ನನಗೆ ಮಣ್ಣಿನ ಗುಡ್ಡೆ ಸಿಕ್ಕಿತು. ನಿನಗೆ ಎದೆ ಹಿಡಿದಾಗ ಅವ್ವ ಬೆನ್ನು ತಿಕ್ಕುತ್ತಾಳೆ. ನನಗೆ ಯಾರು ತಿಕ್ಕುತ್ತಾರೆ? ಇಲ್ಲಿ ಬಾತ್‌ರೂಮಿನ ಬಾಗಿಲು ಹಾಕಿಕೊಂಡು ನಳ ಬಿಟ್ಟು ಕೂರುತ್ತೇನೆ.

ನವಲಿಗೆ ಹೋಗಕ್ಕ. ನನ್ನ ಸಹಿಗಾಗಿ ಬೇಡ. ಇಬ್ಬರಲ್ಲಿ ಒಬ್ಬಳಾದರೂ ಬಸ್ಸಿನಲ್ಲಿ ಕೂತೇ ಇರಲಿ.

ಅಮೃತಾ


ಭಾಗ್ಯನಗರ
21 ಜುಲೈ 2024, ಭಾನುವಾರ

ಅಮ್ಮೀ,

ನಿನ್ನ ಪತ್ರ ಗುರುವಾರ ಮಧ್ಯಾಹ್ನ ಬಂತು. ಮರುದಿನವೇ ಹತ್ತೊಂಬತ್ತು. ಓದಿ ನಾನು ಅತ್ತೆ ಎಂದುಕೊಂಡಿದ್ದರೆ ತಪ್ಪು. ಮೈಯೆಲ್ಲ ಉರಿದು ಹೋಯಿತು. ಅಲ್ಲಬೇ, ಎಲ್ಲಾ ನಿನಗ ಬಂತು, ಹೋಗ್ಲಿ, ಈ ಹೆದರಿಕಿ ಒಂದರ ನಂದು ಅನ್ಕೊಂಡಿದ್ನಿ. ಅದನ್ನೂ ತಗೊಂಡ್ಯಲ್ಲ! ನಾಲ್ಕು ವರ್ಷ ಮೊದಲೇ ತೆಗೆದುಕೊಂಡಿದ್ದೀಯ, ಅದರಲ್ಲೂ ನೀನೇ ಮುಂದೆ. ಪತ್ರ ಹಿಡಿದು ಪಡಸಾಲೆಯಲ್ಲಿ ಒಬ್ಬಳೇ ಬೈದೆ. ಅವ್ವ ಬಂದು "ಯಾರಿಗೆ ಬೈಯಾಕತ್ತೀ?" ಎಂದಳು. "ನಿನ್ನ ಸಣ್ಣ ಮಗಳಿಗೆ" ಎಂದು ನಿನ್ನ ಪತ್ರ ಪೂರ್ತಿ ಓದಿ ಹೇಳಿದೆ. ನೀನು ಹೇಳಬೇಡ ಎಂದಿರಲಿಲ್ಲ. ಅವ್ವ "ನಳ ಬಿಟ್ಕೊಂಡು ಕುಂದರ್ತಾಳಂತೇನ?" ಎಂದು ಎರಡು ಸಲ ಕೇಳಿದಳು.

ಶುಕ್ರವಾರ ಏಳೂವರೆಯ ಬಸ್ಸು. ಗುಳಿಗೆ ತಿಂದಿದ್ದೆ. ಎಂಟನೇ ತಾರೀಖಿನ ಪತ್ರ ಹಾಕಿ ಬಂದ ದಿನದಿಂದಲೇ ತಿನ್ನುತ್ತಿದ್ದೇನೆ, ನಿನಗೆ ಹೇಳಿರಲಿಲ್ಲ. ಪೂರಾ ಗುಣ ಕಾಣಲು ಇನ್ನೂ ವಾರಗಳು ಬೇಕು ಎಂದಿದ್ದಾರೆ ಡಾಕ್ಟರು. ಅವ್ವ ಜೊತೆ ಬರುತ್ತೇನೆಂದು ಸೆರಗು ಸುತ್ತಿ ನಿಂತಿದ್ದಳು, ಬೇಡ ಎಂದೆ. ಗಿಣಿಗೇರಾ ಬಂತು. ಎದೆ ಹಿಡಿಯಿತು, ಕೈ ಮರಗಟ್ಟಿತು, ಎಲ್ಲ ಲೆಕ್ಕದಂತೆ ಬಂತು. ಯಮನೂರ ತಾನೇ ಸೀಟಿ ಊದಿ ನಿಲ್ಲಿಸಿ, "ಅಕ್ಕಾರ, ನಿಮ್ಮೂರು ಬಂತ್ರಿ" ಎಂದ. "ಇಳಿಯಂಗಿಲ್ಲ. ನಡೀರಿ" ಎಂದೆ. ಅವನು ಬಾಯಿ ತೆರೆದು ನೋಡಿದ. ನಾನು ಮುಂದಿನ ಸೀಟಿನ ಕಂಬಿ ಹಿಡಿದು ನಿನಗೆ ಬೈಯುತ್ತ ಕೂತೆ. ಬೂದಗುಂಪದ ತನಕ ಬೈದೆ. ಅಲ್ಲಿ ಕಿಟಕಿಯ ಹೊರಗೆ ವಾಂತಿ ಮಾಡಿದೆ. ಪಕ್ಕದಲ್ಲಿ ಕೂತಿದ್ದ ಮೆಹಬೂಬಬೀ ಎಂಬ ಮುದುಕಿ ಬೆನ್ನು ತಿಕ್ಕಿ, "ಎಷ್ಟು ತಿಂಗಳವ್ವಾ?" ಎಂದಳು. ಆ ಹೆದರಿಕೆಯಲ್ಲೂ ನಗು ಬಂತು. ಬಸಾಪಟ್ಟಣ ದಾಟುವಾಗ ಹೆದರಿಕೆ ಹೋಗಿರಲಿಲ್ಲ, ದಣಿದಿತ್ತು. ನಿನ್ನ ಇಲಿ ಕಲಿತ ಪಾಠ ನನಗೂ ಅರ್ಧ ಬಂದಿರಬೇಕು.

ಹನ್ನೊಂದು ಗಂಟೆಗೆ ಹಾಜರಿ ಪುಸ್ತಕದಲ್ಲಿ ಸಹಿ ಹಾಕಿದೆ. ಹೆಡ್‌ಮಾಸ್ತರು ಗೋವಿಂದರಾಜ ಎಂಬವರು, ಅಪ್ಪನಿಗೆ ಪರಿಚಯವಂತೆ. "ಅಮರಪ್ಪನವರ ಮಗಳೇನ್ರಿ? ಹೈದರಾಬಾದಿನಾಗ ಇರೋರಾ? ಭಾಳ ಹೇಳ್ತಿದ್ರು ನಿಮ್ಮ ಸುದ್ದಿ" ಎಂದರು. "ಅಲ್ರಿ, ನಾ ದೊಡ್ಡಾಕಿ" ಎಂದೆ. "ಓ, ಹೌದೇನ್ರಿ" ಎಂದು ನನ್ನ ಕುರ್ಚಿ ತೋರಿಸಿದರು. ನನ್ನ ಸುದ್ದಿ ಅಪ್ಪ ಹೇಳಿಲ್ಲ ಎಂದು ಗೊತ್ತಾಗಲು ಅಷ್ಟು ಸಾಕು. ಆ ಕುರ್ಚಿಯಲ್ಲಿ ಕೂತು ಇಡೀ ದಿನ ನಿನ್ನನ್ನು ದ್ವೇಷಿಸಿದೆ. ಸಂಜೆ ವಾಪಸು ಬರುವಾಗ ಗಿಣಿಗೇರಾದಲ್ಲಿ ಬಸ್ಸು ನಿಂತಿತು. ಈ ಸಲ ಎದೆ ಅಷ್ಟು ಹಿಡಿಯಲಿಲ್ಲ. ಅದರ ಬದಲು, ಎಂಟು ತಿಂಗಳಿಂದ ಒತ್ತಿ ಹಿಡಿದದ್ದು ಬಾಯಿಗೆ ಬಂತು. ಅದನ್ನು ಬರೆಯಲೆಂದೇ ಇವತ್ತು ಕೂತಿದ್ದೇನೆ.

ಅಪ್ಪ ಮಾತಾಡದೆ ಹೋಗಲಿಲ್ಲ. ನಾನು ಎಲ್ಲರಿಗೂ ಸುಳ್ಳು ಹೇಳಿದೆ.

ಕಣ್ಣು ಮೇಲಾಗುವ ಮುಂಚೆ ನನ್ನ ಕೈ ಗಟ್ಟಿಯಾಗಿ ಹಿಡಿದ. ನನ್ನ ಮುಖವನ್ನೇ ನೋಡುತ್ತ, "ಅಮ್ಮೀ, ಬಂದ್ಯೇನವಾ?" ಎಂದ. ನಾನು ದಾನಿ ಎಂದು ಹೇಳಬಹುದಿತ್ತು. ಬಾಯಿಯ ತನಕ ಬಂದಿತ್ತು. ಆದರೆ ಅವನ ಮುಖ ಹೇಗೆ ಕಾಯುತ್ತಿತ್ತೆಂದರೆ, "ಹೂಂ ಯಪ್ಪಾ, ಬಂದೀನಿ" ಎಂದೆ. ನಿನ್ನ ಹೆಸರಿಗೆ ನಾನು ಹೂಂ ಎಂದೆ. ಅಪ್ಪ ನಕ್ಕ. ಆಮೇಲೆ ಹೋದ.

ಅದಕ್ಕೇ ನಿನ್ನ ದನಿ ಕೇಳಲಾಗಲಿಲ್ಲ. ನೀನು ಬರಲಿಲ್ಲ ಎಂದು ಅಳುತ್ತೀಯಲ್ಲ, ಅಪ್ಪನ ಲೆಕ್ಕದಲ್ಲಿ ನೀನು ಬಂದಿದ್ದೆ. ನೀನು ಬಂದೆ ಎಂದು ತಿಳಿದೇ ಹೋದ. ಬರದೇ ಇದ್ದವಳು ನಾನು.

ಆ ಮಾತು ನಿನ್ನದು, ತಗೋ. ಅವನು ಹಿಡಿದದ್ದು ಮಾತ್ರ ನನ್ನ ಕೈ. ಅದನ್ನು ಕೇಳಬೇಡ, ಕೊಡುವುದಿಲ್ಲ.

ದಾನಿ